ಸಾಲ್ಟ್ ಪೂಲ್‌ನಲ್ಲಿ ಕ್ಲೋರಿನ್ ನಿಲ್ಲುತ್ತಿಲ್ಲವೇ? ಸೆಲ್ ಪರ್ಸೆಂಟೇಜ್, ಪಂಪ್ ಗಂಟೆ ಮತ್ತು ದೋಷ ಹುಡುಕುವ ಕ್ರಮ

ಮೂಡಿಗೆರೆ, ಸಕಲೇಶಪುರ, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಲ್ಲಿ ಉಪ್ಪುನೀರಿನ ಪೂಲ್ ಇಟ್ಟುಕೊಂಡವರ ದೂರು ಬಹುಮಟ್ಟಿಗೆ ಒಂದೇ: ‘ಮಿಷನ್ನು 100ರಲ್ಲೇ ಇದೆ, ಆದ್ರೂ ಕ್ಲೋರಿನ್ ಸೊನ್ನೆ.’ ಅವರಿಗೆ ಸಿಗುವ ಸಲಹೆಯೂ ಒಂದೇ: ಇನ್ನೆರಡು ಮೂಟೆ ಉಪ್ಪು ಸುರಿಯಿರಿ, ಪಂಪ್ ಇನ್ನೂ ನಾಲ್ಕು ಗಂಟೆ ಜಾಸ್ತಿ ಓಡಿಸಿ. ಇದರಿಂದ ಕರೆಂಟ್ ಬಿಲ್ ಏರುತ್ತದೆ, ದೋಷ ಇದ್ದಲ್ಲೇ ಇರುತ್ತದೆ.

ಕ್ಲೋರಿನ್ ಕಡಿಮೆ ಕಾಣುವುದಕ್ಕೆ ಮೂರೇ ಕಾರಣ. ಸೆಲ್ (ಉಪ್ಪುನೀರಿಗೆ ಕರೆಂಟ್ ಹಾಯಿಸಿ ಕ್ಲೋರಿನ್ ಮಾಡುವ, ಮಿಷನ್ನಿನ ಪ್ಲೇಟುಗಳಿರುವ ಭಾಗ) ತಯಾರಿಸುತ್ತಿಲ್ಲ, ಇಲ್ಲವೇ ತಯಾರಾದದ್ದನ್ನು ನೀರೋ ಬಿಸಿಲೋ ತಿನ್ನುತ್ತಿದೆ, ಇಲ್ಲವೇ ನಿಮ್ಮ ಟೆಸ್ಟ್ ಕಿಟ್ ಸುಳ್ಳು ಹೇಳುತ್ತಿದೆ. ಯಾವುದೆಂದು ಗೊತ್ತಾಗುವ ತನಕ ಪರ್ಸೆಂಟೇಜ್ ಗುಂಡಿಯನ್ನೂ ಟೈಮರನ್ನೂ ಮುಟ್ಟಬೇಡಿ.

ಮುಂದಿನ ಲೆಕ್ಕಗಳಿಗೆಲ್ಲ 10 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಪೂಲ್ ಇಟ್ಟುಕೊಳ್ಳೋಣ. ಅಂದರೆ 60,000 ಲೀಟರ್ ನೀರು. ನಿಮ್ಮದು ಬೇರೆ ಅಳತೆಯದಾದರೆ ಅದೇ ಪ್ರಮಾಣದಲ್ಲಿ ಏರಿಸಿ ಇಳಿಸಿಕೊಳ್ಳಿ.

ಮೊದಲು ಕಿಟ್

ಹಳದಿ ಬಣ್ಣ ಬರುವ ಓಟಿಓ ಡ್ರಾಪ್ಸ್ ಒಟ್ಟು ಕ್ಲೋರಿನ್ ತೋರಿಸುತ್ತದೆ. ಅದರಲ್ಲಿ ಕೆಲಸಕ್ಕೆ ಬರುವ ಫ್ರೀ ಕ್ಲೋರಿನ್ ಎಷ್ಟು, ಅಮೋನಿಯಾಕ್ಕೆ ಅಂಟಿಕೊಂಡು ಸುಸ್ತಾದದ್ದು ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಗುಲಾಬಿ ಬಣ್ಣದ ಡಿಪಿಡಿ ಕಿಟ್ ಫ್ರೀ ಕ್ಲೋರಿನ್ ತೋರಿಸುತ್ತದೆ, ಆದರೆ ಅದರಲ್ಲೊಂದು ಬಲೆ ಇದೆ. ಕ್ಲೋರಿನ್ ತೀರಾ ಹೆಚ್ಚಿದ್ದರೆ, ಸುಮಾರು 10 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಹತ್ತು ಪಾಲು) ದಾಟಿದ ಮೇಲೆ, ಗುಲಾಬಿ ಬಣ್ಣವನ್ನೇ ಕ್ಲೋರಿನ್ ಸುಟ್ಟುಹಾಕುತ್ತದೆ. ಟ್ಯೂಬು ಬಿಳುಪಾಗಿ ಕಾಣುತ್ತದೆ, ನೋಡಿದವರು ಸೊನ್ನೆ ಎಂದುಕೊಳ್ಳುತ್ತಾರೆ, ಔಟ್‌ಪುಟ್ ಇನ್ನೂ ಏರಿಸುತ್ತಾರೆ. ಮೋಡ ಕವಿದ ಜೂನ್, ಜುಲೈನಲ್ಲಿ ಬೇಸಿಗೆಯ ಸೆಟ್ಟಿಂಗನ್ನೇ ಬಿಟ್ಟ ಪೂಲ್‌ಗಳಲ್ಲಿ ಇದು ಸಾಮಾನ್ಯ.

ಟ್ಯಾಬ್ಲೆಟ್ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾದರೆ ಅನುಮಾನಪಡಿ. ಪೂಲ್ ನೀರು ಒಂದು ಪಾಲು, ಕುಡಿಯುವ ಆರ್‌ಓ ನೀರು ನಾಲ್ಕು ಪಾಲು ಬೆರೆಸಿ ಮತ್ತೆ ಟೆಸ್ಟ್ ಮಾಡಿ, ಬಂದ ಅಂಕಿಯನ್ನು ಐದರಿಂದ ಗುಣಿಸಿ. ಸ್ಯಾಂಪಲ್ಲನ್ನು ರಿಟರ್ನ್ ಜೆಟ್, ಅಂದರೆ ಫಿಲ್ಟರ್ ಆದ ನೀರು ಪೂಲ್‌ಗೆ ಮರಳುವ ಬಾಯಿಯ ಹತ್ತಿರ ತೆಗೆಯಬಾರದು. ಅದರಿಂದ ದೂರದಲ್ಲಿ, ಮೊಣಕೈ ಮುಳುಗುವಷ್ಟು ಆಳದಿಂದ ತೆಗೆಯಿರಿ.

ಪರ್ಸೆಂಟೇಜ್ ಮತ್ತು ಗಂಟೆ: ಒಂದೇ ಗುಣಾಕಾರ

1 ಗ್ರಾಂ ಕ್ಲೋರಿನ್ 1,000 ಲೀಟರ್ ನೀರಿಗೆ 1 ಪಿಪಿಎಂ ಕೊಡುತ್ತದೆ. ಇಷ್ಟು ನೆನಪಿದ್ದರೆ ಉಳಿದದ್ದು ಬಾಯಿಲೆಕ್ಕ. ಬಿಸಿಲು ಬೀಳುವ ಪೂಲ್ ದಿನಕ್ಕೆ ಸಾಮಾನ್ಯವಾಗಿ 2ರಿಂದ 4 ಪಿಪಿಎಂ ಕಳೆದುಕೊಳ್ಳುತ್ತದೆ. 3 ಎಂದು ಹಿಡಿದರೆ ನಮ್ಮ 60,000 ಲೀಟರಿಗೆ ದಿನಕ್ಕೆ 180 ಗ್ರಾಂ ಬೇಕು.

ಸೆಲ್ ಮೇಲೆ ಗಂಟೆಗೆ ಎಷ್ಟು ಗ್ರಾಂ ಎಂದು ಬರೆದಿರುತ್ತದೆ. 25 ಗ್ರಾಮಿನ ಸೆಲ್, ಪಂಪ್ ದಿನಕ್ಕೆ 10 ಗಂಟೆ ಎಂದರೆ ಪೂರ್ತಿ ತಯಾರಿ 250 ಗ್ರಾಂ. 180ನ್ನು 250ರಿಂದ ಭಾಗಿಸಿದರೆ ಶೇ. 72. ಅದೇ ನಿಮ್ಮ ಸೆಟ್ಟಿಂಗ್. ಪಂಪ್ 8 ಗಂಟೆಗೆ ಇಳಿಸಿದರೆ ಶೇ. 90 ಬೇಕು. 6 ಗಂಟೆಗೆ ಇಳಿಸಿದರೆ 100ಕ್ಕೆ ಇಟ್ಟರೂ 150 ಗ್ರಾಂ ಮಾತ್ರ. ಎಷ್ಟು ಗುಂಡಿ ತಿರುಗಿಸಿದರೂ ದಿನಕ್ಕೆ ಅರ್ಧ ಪಿಪಿಎಂ ಸಾಲ ಉಳಿಯುತ್ತದೆ, ಒಂದು ವಾರದಲ್ಲಿ ಪೂಲ್ ಹಸಿರಾಗುತ್ತದೆ.

ಶೇ. 50 ಎಂದರೆ ಸೆಲ್ ಅರ್ಧ ಶಕ್ತಿಯಲ್ಲಿ ಓಡುತ್ತದೆ ಎಂದಲ್ಲ. ಹೆಚ್ಚಿನ ಮಾಡೆಲ್‌ಗಳಲ್ಲಿ ಅದು ಪಂಪ್ ಓಡುವ ಹೊತ್ತಿನ ಅರ್ಧ ಭಾಗ ಪೂರ್ತಿ ಶಕ್ತಿಯಲ್ಲಿ ಓಡಿ, ಉಳಿದರ್ಧ ಸುಮ್ಮನಿರುತ್ತದೆ. ಆದ್ದರಿಂದ ‘ಈಗ ನೋಡಿದೆ, ಗುಳ್ಳೆ ಬರ್ತಾ ಇಲ್ಲ, ಕೆಟ್ಟಿದೆ’ ಎಂದು ತೀರ್ಮಾನಿಸುವ ಮೊದಲು 100ಕ್ಕೆ ಏರಿಸಿ ಐದು ನಿಮಿಷ ಕಾದು ನೋಡಿ.

ಸೆಲ್‌ನ ಆಯುಸ್ಸು ಅದು ನಿಜವಾಗಿ ಉರಿದ ಗಂಟೆಗಳ ಲೆಕ್ಕ, ಸಾಮಾನ್ಯವಾಗಿ 8,000ದಿಂದ 10,000 ಗಂಟೆ. 180 ಗ್ರಾಮನ್ನು 8 ಗಂಟೆಯಲ್ಲಿ ತಯಾರಿಸಿದರೂ 14 ಗಂಟೆಯಲ್ಲಿ ತಯಾರಿಸಿದರೂ ಸೆಲ್ ಸವೆಯುವುದು ಅಷ್ಟೇ. ವ್ಯತ್ಯಾಸ ಬೀಳುವುದು ಪಂಪ್‌ನ ಕರೆಂಟಿನಲ್ಲಿ. ಒಂದು ಎಚ್‌ಪಿ ಪಂಪ್ ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ: ನೀರು ತಿಳಿಯಾಗಿರಲು ಎಷ್ಟು ಗಂಟೆ ಬೇಕೋ ಅಷ್ಟು ಪಂಪ್ ಓಡಿಸಿ, ಕ್ಲೋರಿನನ್ನು ಪರ್ಸೆಂಟೇಜ್‌ನಲ್ಲಿ ಹೊಂದಿಸಿ. ಮೊದಲೇ ಚಿಕ್ಕ ಸೆಲ್ ಹಾಕಿಸಿಕೊಂಡವರಿಗೆ ಮಾತ್ರ ಈ ಸ್ವಾತಂತ್ರ್ಯ ಇಲ್ಲ.

ಎರಡು ರಾತ್ರಿಯ ಪರೀಕ್ಷೆ

ರಾತ್ರಿ ಏಕೆಂದರೆ ಆಗ ಬಿಸಿಲಿನ ಖರ್ಚು ಇರುವುದಿಲ್ಲ, ಅತಿಥಿಗಳೂ ಇಳಿಯುವುದಿಲ್ಲ.

ಮೊದಲ ರಾತ್ರಿ ಸೆಲ್ ಆಫ್ ಮಾಡಿ, ಪಂಪ್ ಮಾತ್ರ ಓಡಲಿ. ಕತ್ತಲಾದ ಮೇಲೆ ಫ್ರೀ ಕ್ಲೋರಿನ್ ಅಳೆದು ಬರೆದಿಡಿ. ಬೆಳಗ್ಗೆ ಬಿಸಿಲು ಬೀಳುವ ಮೊದಲೇ ಮತ್ತೆ ಅಳೆಯಿರಿ. ಇಳಿಕೆ 1 ಪಿಪಿಎಂ ಒಳಗಿದ್ದರೆ ನೀರು ಶುದ್ಧ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ನೀರಿನಲ್ಲಿ ಕ್ಲೋರಿನ್ ತಿನ್ನುವ ವಸ್ತು ಇದೆ; ಕಣ್ಣಿಗೆ ಹಸಿರು ಕಾಣದಿದ್ದರೂ ಪಾಚಿ ಇರಬಹುದು. ಪರೀಕ್ಷೆಗೆ ಮುಂಚೆಯೇ ಕ್ಲೋರಿನ್ ಸೊನ್ನೆ ಇದ್ದರೆ ಲಿಕ್ವಿಡ್ ಕ್ಲೋರಿನ್ ಹಾಕಿ ಮೇಲೆ ತನ್ನಿ. ಶೇ. 10ರ ಹೊಸ ಲಿಕ್ವಿಡ್ ಒಂದು ಲೀಟರ್ ನಮ್ಮ ಪೂಲನ್ನು ಸುಮಾರು 1.7 ಪಿಪಿಎಂ ಏರಿಸುತ್ತದೆ. ಕ್ಯಾನು ಬಿಸಿಲಲ್ಲಿ ತಿಂಗಳುಗಟ್ಟಲೆ ಕೂತಿದ್ದರೆ ಅರ್ಧವೂ ಏರದು.

ಎರಡನೇ ರಾತ್ರಿ ಸೆಲ್ 100ರಲ್ಲಿ ಇಟ್ಟು ಕತ್ತಲಲ್ಲಿ ಸರಿಯಾಗಿ 6 ಗಂಟೆ ಓಡಿಸಿ. 25 ಗ್ರಾಮಿನ ಸೆಲ್ 150 ಗ್ರಾಂ ಕೊಡಬೇಕು, ಅಂದರೆ 2.5 ಪಿಪಿಎಂ ಏರಿಕೆ. ಮೊದಲ ರಾತ್ರಿಯ ಇಳಿಕೆಯಲ್ಲಿ 6 ಗಂಟೆಯ ಪಾಲನ್ನು ನೀವು ಅಳೆದ ಏರಿಕೆಗೆ ಕೂಡಿಸಿಕೊಳ್ಳಿ. 2ಕ್ಕಿಂತ ಹೆಚ್ಚು ಏರಿದ್ದರೆ ಸೆಲ್‌ಗೆ ದೋಷ ಹೊರಿಸಬೇಡಿ. 1ರ ಆಸುಪಾಸಿನಲ್ಲೇ ನಿಂತಿದ್ದರೆ ಸೆಲ್ ಬಿಚ್ಚುವ ಸಮಯ ಬಂದಿದೆ.

ಎರಡೂ ಸರಿ, ಆದರೆ ಹಗಲಲ್ಲಿ ಕ್ಲೋರಿನ್ ಮಾಯ ಎಂದಾದರೆ ಬಿಸಿಲೇ ಕಳ್ಳ. ನೇರ ಸಯನ್ಯೂರಿಕ್ ಆ್ಯಸಿಡ್ (ಬಿಸಿಲಿನಿಂದ ಕ್ಲೋರಿನನ್ನು ಕಾಯುವ ಪುಡಿ) ಟೆಸ್ಟ್ ಮಾಡಿ.

‘ಲೋ ಸಾಲ್ಟ್’ ದೀಪ ಹೊತ್ತಿದಾಗ

ಹೆಚ್ಚು ದುಡ್ಡು ಪೋಲಾಗುವುದು ಇಲ್ಲಿ. ಮಿಷನ್ನು ಉಪ್ಪನ್ನು ಅಳೆಯುವುದಿಲ್ಲ. ಪ್ಲೇಟುಗಳ ನಡುವೆ ಎಷ್ಟು ಕರೆಂಟ್ ಹರಿಯಿತು ಎಂದು ನೋಡಿ ಉಪ್ಪಿನ ಅಂಕಿ ಊಹಿಸುತ್ತದೆ. ಕರೆಂಟ್ ಕಡಿಮೆ ಹರಿಯಲು ಉಪ್ಪು ಕಡಿಮೆಯಾಗಿರುವುದು ಒಂದು ಕಾರಣ ಮಾತ್ರ. ಪ್ಲೇಟಿಗೆ ಸುಣ್ಣ ಕಟ್ಟಿರಬಹುದು, ಕೋಟಿಂಗ್ ಸವೆದಿರಬಹುದು, ಕನೆಕ್ಟರ್ ಕಿಲುಬುಗಟ್ಟಿರಬಹುದು, ನೀರು ತಣ್ಣಗಿರಬಹುದು.

ತಣ್ಣೀರಿನದು ನಮ್ಮ ಕಡೆಯ ಡಿಸೆಂಬರ್, ಜನವರಿಯ ಕಾಯಿಲೆ. ನೀರು ಒಂದು ಡಿಗ್ರಿ ತಣ್ಣಗಾದರೆ ಕರೆಂಟ್ ಹರಿಯುವ ಶಕ್ತಿ ಸುಮಾರು ಶೇ. 2 ಇಳಿಯುತ್ತದೆ. 26 ಡಿಗ್ರಿಯಲ್ಲಿ 3,200 ತೋರಿಸುತ್ತಿದ್ದದ್ದು, ತಾಪಮಾನ ಸರಿದೂಗಿಸದ ಮಿಷನ್ನಿನಲ್ಲಿ, 18 ಡಿಗ್ರಿಯ ಮುಂಜಾನೆ 2,700 ತೋರಿಸಬಹುದು. ಬೆಳಗ್ಗೆ ದೀಪ ಹೊತ್ತಿ ಮಧ್ಯಾಹ್ನ ತಾನೇ ಆರಿದರೆ ಉಪ್ಪಿನ ಮೂಟೆ ಮುಟ್ಟಬೇಡಿ, ಪಂಪ್ ಟೈಮರನ್ನು 10 ಗಂಟೆಯ ನಂತರಕ್ಕೆ ಸರಿಸಿ. ನೀರು ಇನ್ನೂ ತಣ್ಣಗಾದರೆ ಕೆಲವು ಮಿಷನ್ನುಗಳು ಸೆಲ್ ಉಳಿಸಿಕೊಳ್ಳಲು ತಾವೇ ನಿಂತುಬಿಡುತ್ತವೆ, ಅದು ದೋಷವಲ್ಲ.

ಉಪ್ಪನ್ನು ಬೇರೆ ದಾರಿಯಲ್ಲಿ ಅಳೆದೇ ನಂಬಬೇಕು. ಸಾಲ್ಟ್ ಸ್ಟ್ರಿಪ್ ಅಥವಾ ಕ್ಲೋರೈಡ್ ಡ್ರಾಪ್ ಕಿಟ್ ಒಳ್ಳೆಯದು. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಅಳೆಯುವ ಪೆನ್ ಬಳಸುವುದಾದರೆ ಎರಡು ಎಚ್ಚರಿಕೆ: ಕುಡಿಯುವ ನೀರಿಗೆಂದು ಮಾಡಿದ ಪೆನ್ನು 3,000ದ ಮೇಲೆ ಅಷ್ಟು ಸರಿಯಾಗಿ ಹೇಳದು, ಮತ್ತು ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ಗಡಸು ಬೋರ್ ನೀರು ತುಂಬಿಸಿದ್ದರೆ ಆ ನೀರಿನದೇ ಟಿಡಿಎಸ್ಸನ್ನು ಕಳೆದು ನೋಡಬೇಕು.

ನಿಜಕ್ಕೂ ಕಡಿಮೆ ಇದ್ದರೆ 60 ಕೆಜಿ ಉಪ್ಪು ನಮ್ಮ ಪೂಲನ್ನು 1,000 ಪಿಪಿಎಂ ಏರಿಸುತ್ತದೆ. 50 ಕೆಜಿಯ ಒಂದು ಮೂಟೆ ಸುಮಾರು 830. ಹೆಚ್ಚಿನ ಸೆಲ್‌ಗಳಿಗೆ 2,700ರಿಂದ 3,400ರ ನಡುವೆ ಇದ್ದರೆ ಸಾಕು, ಕೆಲವಕ್ಕೆ 4,000 ದಾಟಬೇಕು. ನಿಮ್ಮ ಸೆಲ್‌ನ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆ. ಅಯೋಡಿನ್ ಇಲ್ಲದ, ಶೇ. 99ಕ್ಕಿಂತ ಶುದ್ಧವಾದ ಬಿಳಿ ಉಪ್ಪು ತನ್ನಿ. ಸಂತೆಯ ಕಲ್ಲುಪ್ಪಿನಲ್ಲಿ ಮಣ್ಣು, ಕ್ಯಾಲ್ಸಿಯಂ, ಮೆಗ್ನೀಸಿಯಂ ಬರುತ್ತದೆ, ಪ್ಲೇಟಿಗೆ ಕಟ್ಟುತ್ತದೆ. ಮೇಲ್ಮೈ ನೀರನ್ನು ಪಂಪ್‌ಗೆ ಎಳೆಯುವ ಸ್ಕಿಮ್ಮರ್ ಬಾಯಿಗೆ ಸುರಿಯಬೇಡಿ. ಸೆಲ್ ಆಫ್ ಮಾಡಿ, ಪೂಲ್ ಸುತ್ತ ಎರಚಿ, ಬ್ರಷ್‌ನಿಂದ ಕರಗಿಸಿ, ಪಂಪ್ ಒಂದು ದಿನ ಓಡಿದ ಮೇಲೆ ಮತ್ತೆ ಅಳೆದು ಸೆಲ್ ಹಾಕಿ. ಒಮ್ಮೆಗೆ ಲೆಕ್ಕದ ಮುಕ್ಕಾಲು ಪಾಲು ಮಾತ್ರ ಹಾಕುವುದು ಜಾಣತನ. ಜಾಸ್ತಿಯಾದ ಉಪ್ಪನ್ನು ತೆಗೆಯಲು ನೀರು ಚೆಲ್ಲುವುದೊಂದೇ ದಾರಿ: 4,400ರಿಂದ 3,200ಕ್ಕೆ ತರಲು 16,000 ಲೀಟರ್ ಹೊಸ ನೀರು ಬೇಕು. ಏಪ್ರಿಲ್‌ನಲ್ಲಿ ಅದಕ್ಕೆ ಟ್ಯಾಂಕರ್ ಹುಡುಕುವ ಕಷ್ಟ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹೊರಹಾಕಿದ ಉಪ್ಪುನೀರನ್ನು ಕಾಫಿ ಗಿಡದ ಬುಡಕ್ಕೆ ಬಿಡಲೇಬಾರದು.

ಸೆಲ್ ಬಿಚ್ಚಿ ನೋಡುವುದು

ಮಿಷನ್ನು ಮತ್ತು ಪಂಪ್ ಎರಡರ ಎಂಸಿಬಿಯನ್ನೂ ಇಳಿಸಿ, ವಾಲ್ವ್ ಮುಚ್ಚಿ, ಸೆಲ್ಲಿನ ಎರಡೂ ತುದಿಯ ಯೂನಿಯನ್ (ತಿರುಗಿಸಿ ಬಿಚ್ಚುವ ಪೈಪ್ ಜೋಡಣೆ) ಕೈಯಲ್ಲೇ ಬಿಚ್ಚಿ, ಸೆಲ್ಲನ್ನು ಬೆಳಕಿಗೆ ಹಿಡಿಯಿರಿ. ಪ್ಲೇಟುಗಳ ನಡುವೆ ಒಂದೇ ಸಮ ಬೆಳಕು ಕಾಣಬೇಕು. ಬಿಳಿ ಹೊಪ್ಪಳೆ ಎಂದರೆ ಸುಣ್ಣ, ಬೋರ್ ನೀರಿನ ಗಡಸುತನ ಮತ್ತು 7.8 ದಾಟಿದ ಪಿಎಚ್ ಸೇರಿದ ಫಲ. ಕಂದು ಪದರ ಎಂದರೆ ಕಬ್ಬಿಣ. ಕೆಂಪು ಮಣ್ಣಿನ ಸೀಮೆಯ ಬೋರ್‌ನಲ್ಲಿ ಕಬ್ಬಿಣ ಇದ್ದರೆ, ತುಂಬಿಸುವಾಗ ತಿಳಿಯಾಗಿದ್ದ ನೀರು ಕ್ಲೋರಿನ್ ಬಿದ್ದ ಕೂಡಲೇ ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಸಿಲ್ವರ್ ಓಕ್ ಎಲೆಯ ಚೂರು ಸಿಕ್ಕಿಕೊಂಡಿದ್ದರೆ ಫಿಲ್ಟರ್ ಮರಳು ದಾಟಿ ಬಂದಿದೆ ಎಂದರ್ಥ. ಮಲ್ಟಿಪೋರ್ಟ್ ವಾಲ್ವ್‌ನ (ಫಿಲ್ಟರ್ ಮೇಲೆ ನೀರಿನ ದಾರಿ ಬದಲಿಸುವ ಹಿಡಿ) ಒಳಗಿನ ಗ್ಯಾಸ್ಕೆಟ್ ಅಥವಾ ಫಿಲ್ಟರ್‌ನ ತಳದಲ್ಲಿ ಮರಳು ತಡೆಯುವ ಲ್ಯಾಟರಲ್ ಕೊಳವೆ ಒಡೆದಿದೆಯೇ ನೋಡಿ.

ಮೊದಲು ಪೈಪಿನ ನೀರಿನಿಂದ ತೊಳೆಯಿರಿ. ಹೋಗದಿದ್ದರೆ ಮಾತ್ರ ಆ್ಯಸಿಡ್. ಪ್ಲಾಸ್ಟಿಕ್ ಬಕೆಟ್‌ಗೆ 4 ಲೀಟರ್ ನೀರು ಹಾಕಿ, ಅದರ ಮೇಲೆ 1 ಲೀಟರ್ ಹೈಡ್ರೋಕ್ಲೋರಿಕ್ ಆ್ಯಸಿಡ್ ಮೆಲ್ಲಗೆ ಬಿಡಿ. ಆ್ಯಸಿಡ್ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಕೈಗವಸು, ಕನ್ನಡಕ ಇರಲಿ, ಗಾಳಿಯಾಡುವ ಕಡೆ ಮಾಡಿ, ವೈರ್ ಇರುವ ತುದಿ ಒದ್ದೆಯಾಗದಿರಲಿ. ನೊರೆ ನಿಂತ ಕೂಡಲೇ ತೆಗೆಯಿರಿ. 10ರಿಂದ 15 ನಿಮಿಷ ಸಾಕು. ಸ್ಕ್ರೂಡ್ರೈವರ್, ತಂತಿ, ಉಜ್ಜುವ ಬ್ರಷ್ ಏನೂ ಬೇಡ. ಟೈಟಾನಿಯಂ ಪ್ಲೇಟಿನ ಮೇಲಿನ ರುಥೇನಿಯಂ, ಇರಿಡಿಯಂ ಕೋಟಿಂಗ್ ಹೋದರೆ ಸೆಲ್ ಹೋಯಿತು. ಪ್ರತಿ ಆ್ಯಸಿಡ್ ಸ್ನಾನವೂ ಅದರ ಆಯುಸ್ಸು ಸ್ವಲ್ಪ ತಿನ್ನುತ್ತದೆ, ಆದ್ದರಿಂದ ‘ತಿಂಗಳಿಗೊಮ್ಮೆ ತೊಳೆದುಬಿಡಿ’ ಎಂಬ ಸಲಹೆಗೆ ಕಿವಿಗೊಡಬೇಡಿ. ಪದೇ ಪದೇ ಸುಣ್ಣ ಕಟ್ಟುತ್ತಿದ್ದರೆ ಪಿಎಚ್ 7.4ರಿಂದ 7.6ರಲ್ಲಿ, ಆಲ್ಕಲಿನಿಟಿ (ಪಿಎಚ್ ಏರುಪೇರು ತಡೆಯುವ ಗುಣ) 60ರಿಂದ 80ರಲ್ಲಿ ಹಿಡಿದಿಡಿ. ಸಾಲ್ಟ್ ಪೂಲ್‌ನಲ್ಲಿ ಪಿಎಚ್ ತಾನಾಗಿಯೇ ಏರುತ್ತದೆ. ಸೆಲ್‌ನಿಂದ ಏಳುವ ಹೈಡ್ರೋಜನ್ ಗುಳ್ಳೆ ನೀರನ್ನು ಕಲಕಿ ಕಾರ್ಬನ್ ಡೈ ಆಕ್ಸೈಡನ್ನು ಹೊರಗೆ ಓಡಿಸುತ್ತದೆ. ಪಿಎಚ್ ಇಳಿಸಲು ಒಮ್ಮೆಗೆ 300 ಮಿಲೀ ಆ್ಯಸಿಡ್ ಮೀರಬೇಡಿ, ಪಂಪ್ ಒಂದು ಗಂಟೆ ಓಡಿದ ಮೇಲೆ ಅಳೆದು ಮುಂದಿನದು.

ಪ್ಲೇಟು ಸ್ವಚ್ಛ, ಉಪ್ಪು ಸರಿ, ನೀರು ಬೆಚ್ಚಗಿದೆ, ಆದರೂ ತಯಾರಿ ಇಲ್ಲ. ಆಗ ಸೆಲ್ ವೈರಿಗೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು, ಬಂದ ಆಂಪಿಯರ್ರನ್ನು ಮಿಷನ್ನಿನ ಹೊರಗಿನ ಲೇಬಲ್ಲಿನಲ್ಲಿ ಬರೆದದ್ದಕ್ಕೆ ಹೋಲಿಸಿ. ಸೆಲ್ ತನ್ನನ್ನು ತಾನೇ ಶುಚಿ ಮಾಡಿಕೊಳ್ಳಲು ಕೆಲವು ಗಂಟೆಗೊಮ್ಮೆ ಧ್ರುವ ಬದಲಿಸುತ್ತದೆ. ಒಂದು ದಿಕ್ಕಿನಲ್ಲಿ ಆಂಪಿಯರ್ ಸರಿಯಾಗಿದ್ದು ಇನ್ನೊಂದು ದಿಕ್ಕಿನಲ್ಲಿ ಬಿದ್ದುಹೋಗುತ್ತಿದ್ದರೆ ಅರ್ಧದಷ್ಟು ಪ್ಲೇಟುಗಳ ಕೋಟಿಂಗ್ ಸವೆದಿದೆ, ಹೊಸ ಸೆಲ್‌ಗೆ ದುಡ್ಡು ಎತ್ತಿಡಿ. ಎರಡೂ ದಿಕ್ಕಿನಲ್ಲಿ ಸೊನ್ನೆ ಇದ್ದರೆ ಮೊದಲು ಕನೆಕ್ಟರ್ ಪಿನ್ನುಗಳ ಹಸಿರು ಕಿಲುಬು, ಆಮೇಲೆ ಫ್ಯೂಸ್, ಆಮೇಲೆ ಪವರ್ ಬೋರ್ಡ್.

ಪಂಪ್, ಹರಿವು, ಲೈನಿನ ಕರೆಂಟ್

‘ನೋ ಫ್ಲೋ’ ಎಂದು ತೋರಿಸಿದರೆ ನಂಬಿ. ಫ್ಲೋ ಸ್ವಿಚ್‌ನ ಎರಡು ವೈರ್ ತಿರುಚಿ ಜೋಡಿಸಿ ‘ರಿಪೇರಿ’ ಮಾಡುವವರಿದ್ದಾರೆ. ನೀರು ನಿಂತ ಸೆಲ್ ಉರಿಯುತ್ತಿದ್ದರೆ ಹೈಡ್ರೋಜನ್ ಒಳಗೇ ತುಂಬಿ ಸೆಲ್ ಸಿಡಿಯಬಹುದು. ಪಂಪ್ ತ್ರೀಫೇಸ್, ಮಿಷನ್ನು ಸಿಂಗಲ್ ಫೇಸ್ ಆಗಿರುವ ಕಡೆ ಅಪಾಯ ಇನ್ನೂ ಹೆಚ್ಚು: ಒಂದು ಫೇಸ್ ಹೋಗಿ ಪಂಪ್ ಟ್ರಿಪ್ ಆದರೂ ಮಿಷನ್ನಿಗೆ ಕರೆಂಟ್ ಬರುತ್ತಲೇ ಇರುತ್ತದೆ. ಮಿಷನ್ನಿನ ಸಪ್ಲೈ ಪಂಪ್‌ನ ಕಾಂಟ್ಯಾಕ್ಟರ್ ಮೂಲಕವೇ ಹೋಗುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಮಾಡಿಸಿ.

ಹರಿವು ಕಡಿಮೆಯಾಗಲು ಕಾರಣ ಫಿಲ್ಟರ್ ಮೇಲಿನ ಪ್ರೆಶರ್ ಗೇಜ್ ಹೇಳುತ್ತದೆ. ಬ್ಯಾಕ್‌ವಾಶ್ ಎಂದರೆ ನೀರನ್ನು ಮರಳಿನೊಳಗೆ ಹಿಮ್ಮುಖವಾಗಿ ಹಾಯಿಸಿ ಕೊಳೆ ಹೊರಹಾಕುವುದು. ಬ್ಯಾಕ್‌ವಾಶ್ ಆದ ಕೂಡಲೇ ಇದ್ದ ಅಂಕಿಗಿಂತ 8ರಿಂದ 10 ಪಿಎಸ್‌ಐ ಏರಿದ್ದರೆ ಮರಳು ಕಟ್ಟಿದೆ, ಬ್ಯಾಕ್‌ವಾಶ್ ಮಾಡಿ. ಗೇಜ್ ಇಳಿದಿದ್ದರೆ ತೊಂದರೆ ಪಂಪ್‌ನ ಹಿಂದಿದೆ: ಸ್ಕಿಮ್ಮರ್ ಬುಟ್ಟಿ, ಪಂಪ್ ಬುಟ್ಟಿ, ಇಲ್ಲವೇ ಮುಚ್ಚಳದ ಓ ರಿಂಗ್ ಒಣಗಿ ಗಾಳಿ ಎಳೆಯುತ್ತಿದೆ. ಗಾಳಿ ಎಳೆಯುವ ಪಂಪ್‌ನಲ್ಲಿ ಫ್ಲೋ ದೀಪ ಹೊತ್ತಿ ಆರಿ ಮಾಡುತ್ತದೆ, ದಿನಕ್ಕೆ ಗಂಟೆಗಟ್ಟಲೆ ತಯಾರಿ ನಷ್ಟ.

ಪಂಪ್ ನಿಜಕ್ಕೂ ಎಷ್ಟು ನೀರು ತಳ್ಳುತ್ತದೆ ಎಂದು ತಿಳಿಯಲು ಮೀಟರ್ ಬೇಕಿಲ್ಲ. ಮಲ್ಟಿಪೋರ್ಟನ್ನು ಬ್ಯಾಕ್‌ವಾಶ್‌ಗೆ ತಿರುಗಿಸಿ, ಟೈಲ್ ಮೇಲೆ ನೀರಿನ ಗೆರೆಗೆ ಪೆನ್ಸಿಲ್ ಗುರುತು ಹಾಕಿ, ಸರಿಯಾಗಿ 2 ನಿಮಿಷ ಓಡಿಸಿ. 40 ಚದರ ಮೀಟರ್ ಪೂಲ್‌ನಲ್ಲಿ 1 ಸೆಂಮೀ ಇಳಿದರೆ 400 ಲೀಟರ್, ಅಂದರೆ ಗಂಟೆಗೆ 12,000. ನಮ್ಮ ಪೂಲ್ ಒಂದು ಸುತ್ತು ಬರಲು 5 ಗಂಟೆ. ಮನೆ ಬಳಕೆಗೆ ದಿನಕ್ಕೆ ಒಂದೂವರೆ ಸುತ್ತು, ವಾರಾಂತ್ಯ ತುಂಬಿದ ಹೋಮ್‌ಸ್ಟೇಗೆ ಎರಡು ಸುತ್ತು ಇಟ್ಟುಕೊಳ್ಳಿ.

ಪಿನ್ ಒತ್ತುವ ದುಂಡು ಟೈಮರ್ ಇದ್ದರೆ ಗಡಿಯಾರಕ್ಕೆ ಹೋಲಿಸಿ. ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ದಿನಕ್ಕೆ ಮೂರು ಗಂಟೆ ಕರೆಂಟ್ ಹೋಗುವ ವಾರದಲ್ಲಿ ಅದು 21 ಗಂಟೆ ಹಿಂದೆ ಬೀಳುತ್ತದೆ. ಬೆಳಗ್ಗೆ ಓಡಬೇಕಾದದ್ದು ರಾತ್ರಿ ಓಡಿ, ಓಡುತ್ತಲೇ ಇಲ್ಲ ಎಂದು ನಿಮಗನ್ನಿಸುತ್ತದೆ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿಸಿ. ಲೈನಿನ ತುದಿಯಲ್ಲಿರುವ ಎಸ್ಟೇಟುಗಳಲ್ಲಿ ಪಂಪ್ ಓಡುವಾಗ ವೋಲ್ಟೇಜ್ ನೋಡಿ. 190ಕ್ಕಿಂತ ಕೆಳಗೆ ಪಂಪ್ ಬಿಸಿಯಾಗುತ್ತದೆ, ಹಳೇ ಟ್ರಾನ್ಸ್‌ಫಾರ್ಮರ್ ಮಾದರಿಯ ಮಿಷನ್ನು ಕೂಡ ಸೆಲ್‌ಗೆ ಕಡಿಮೆ ಕೊಡುತ್ತದೆ.

ನೀರೇ ತಿನ್ನುತ್ತಿದ್ದರೆ

ಸಯನ್ಯೂರಿಕ್ ಆ್ಯಸಿಡ್ ಇಲ್ಲದ ಪೂಲ್‌ನಲ್ಲಿ ಮಾರ್ಚ್ ಬಿಸಿಲು ಒಂದೆರಡು ಗಂಟೆಯಲ್ಲಿ ಬಹುಪಾಲು ಕ್ಲೋರಿನ್ ಕರಗಿಸುತ್ತದೆ. ತೆರೆದ ಪೂಲ್‌ಗೆ 60ರಿಂದ 70 ಪಿಪಿಎಂ ಇರಲಿ, ಮರದ ನೆರಳಿದ್ದರೆ 40 ಸಾಕು. ಸೊನ್ನೆಯಿಂದ 60ಕ್ಕೆ ನಮ್ಮ ಪೂಲ್‌ಗೆ 3.6 ಕೆಜಿ ಬೇಕು. ಹಳೆ ಕಾಲುಚೀಲದಲ್ಲಿ ಕಟ್ಟಿ ರಿಟರ್ನ್ ಜೆಟ್ ಮುಂದೆ ತೂಗುಹಾಕಿ, ಆಗಾಗ ಹಿಂಡಿ. ಫ್ರೀ ಕ್ಲೋರಿನ್ ಇದರ ಶೇ. 7ರಷ್ಟಿರಬೇಕು, ಅಂದರೆ 60ಕ್ಕೆ 4ರ ಮೇಲೆ. ‘1 ಪಿಪಿಎಂ ಇದ್ದರೆ ಸಾಕು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಸೆಲ್ ಜೊತೆಗೆ ಟಿಸಿಸಿಎ ಮಾತ್ರೆಯನ್ನೂ ತೇಲಿಬಿಡುವವರು ಗಮನಿಸಿ: ಅದು ಕೊಡುವ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ 6 ಪಿಪಿಎಂ ಸಯನ್ಯೂರಿಕ್ ಬರುತ್ತದೆ. 100 ದಾಟಿದರೆ ಕ್ಲೋರಿನ್ ಇದ್ದೂ ಪಾಚಿ ಬೆಳೆಯುತ್ತದೆ.

ರಾತ್ರಿಯೇ ಇಳಿಯುತ್ತಿದ್ದರೆ ಕೊಳೆ. ತೋಟದ ಪೂಲ್‌ಗೆ ಇನ್ನೊಂದು ಕಾರಣವೂ ಇದೆ. ಕಾಫಿಗೆ ಗೊಬ್ಬರ ಹಾಕಿದ ಮೇಲೆ ಮಳೆ ಬಂದು ಇಳಿಜಾರಿನ ನೀರು ಪೂಲ್‌ಗೆ ನುಗ್ಗಿದರೆ ಯೂರಿಯಾ, ಅಮೋನಿಯಾ ಸೇರುತ್ತದೆ. 1 ಪಿಪಿಎಂ ಅಮೋನಿಯಾ ಸಾರಜನಕ ತೀರಿಸಲು 8ರಿಂದ 10 ಪಿಪಿಎಂ ಕ್ಲೋರಿನ್ ಬೇಕು. ಸಂಜೆ 5 ಪಿಪಿಎಂ ಲಿಕ್ವಿಡ್ ಹಾಕಿ ಅರ್ಧ ಗಂಟೆ ಬಿಟ್ಟು ಅಳೆದಾಗ ಅರ್ಧಕ್ಕರ್ಧ ಹೋಗಿದ್ದರೆ ಇದೇ. ಇದನ್ನು ಸೆಲ್‌ನಿಂದ ತೀರಿಸಲು ಹೋಗಬೇಡಿ, ದಿನಗಟ್ಟಲೆ 100ರಲ್ಲಿ ಓಡಿ ಸೆಲ್ ಸವೆಯುತ್ತದಷ್ಟೇ. ಲಿಕ್ವಿಡ್ ಕ್ಲೋರಿನ್ ಹಾಕುತ್ತಾ, ಬ್ರಷ್ ಮಾಡುತ್ತಾ, ರಾತ್ರಿಯ ಇಳಿಕೆ 1ರ ಒಳಗೆ ಬರುವ ತನಕ ಬಿಡಬೇಡಿ. ಪೂಲ್‌ನ ಮೇಲ್ಬದಿಗೆ ಒಂದು ಅಡಿ ಅಗಲದ ಕಾಲುವೆ ತೋಡಿಸಿದರೆ ಮುಂದಿನ ವರ್ಷ ಈ ಖರ್ಚು ಇರುವುದಿಲ್ಲ.

ಮಳೆಗಾಲ

ಕೊಟ್ಟಿಗೆಹಾರ, ಸಕಲೇಶಪುರ ಕಡೆಯ ಮಳೆ ಪೂಲ್‌ನ ಉಪ್ಪನ್ನು ಓವರ್‌ಫ್ಲೋನಲ್ಲಿ ಕೊಂಡೊಯ್ಯುತ್ತದೆ. ನಮ್ಮ ಪೂಲ್ ಮೇಲೆ 100 ಮಿಮೀ ಬಿದ್ದರೆ 4,000 ಲೀಟರ್. ತುಂಬಿದ ಪೂಲ್ ಮೇಲೆ ಒಟ್ಟು 1,000 ಮಿಮೀ ಸುರಿದು, ಬೆರೆತು ಹರಿದುಹೋದರೆ 3,200 ಇದ್ದ ಉಪ್ಪು 1,650ರ ಆಸುಪಾಸಿಗೆ ಬರುತ್ತದೆ. ಸಯನ್ಯೂರಿಕ್, ಆಲ್ಕಲಿನಿಟಿ ಕೂಡ ಅದೇ ಪಾಲು ಇಳಿಯುತ್ತವೆ. ಹಳ್ಳದ, ಒರತೆಯ ಮೆದು ನೀರು ತುಂಬಿಸಿದವರಿಗೆ ಆಲ್ಕಲಿನಿಟಿ ಮೊದಲೇ ಕಡಿಮೆ, ಪಿಎಚ್ ಒಂದೇ ದಿನದಲ್ಲಿ ಏರುಪೇರಾಗುತ್ತದೆ. ಅಡುಗೆ ಸೋಡಾ 1 ಕೆಜಿ ನಮ್ಮ ಪೂಲ್‌ನ ಆಲ್ಕಲಿನಿಟಿಯನ್ನು 10 ಪಿಪಿಎಂ ಏರಿಸುತ್ತದೆ.

ಜುಲೈ ಮಧ್ಯದಲ್ಲಿ ಉಪ್ಪು ಹಾಕಿದರೆ ಅದೂ ಹಳ್ಳಕ್ಕೇ ಹೋಗುತ್ತದೆ. ಆ ಎರಡು ತಿಂಗಳು ಸೆಲ್ ಆಫ್ ಇಟ್ಟು, ಪಂಪ್ 4 ಗಂಟೆ ಓಡಿಸಿ, ದಿನ ಬಿಟ್ಟು ದಿನ ಒಂದು ಲೀಟರ್ ಲಿಕ್ವಿಡ್ ಕ್ಲೋರಿನ್ ಹಾಕುವುದೇ ಅಗ್ಗ. ಮಳೆ ಬಿಟ್ಟ ಮೇಲೆ ಮೊದಲು ರಾತ್ರಿ ಪರೀಕ್ಷೆ, ನಂತರ ಆಲ್ಕಲಿನಿಟಿ, ಪಿಎಚ್, ಸಯನ್ಯೂರಿಕ್, ಉಪ್ಪು ಕೊನೆಗೆ. ಆಗ ಸೆಲ್ಲನ್ನು ಶೇ. 50ರಲ್ಲಿ ಹಾಕಿ, ಮೂರು ಸಂಜೆ ಒಂದೇ ಹೊತ್ತಿಗೆ ಕ್ಲೋರಿನ್ ಅಳೆಯಿರಿ. ದಿನಕ್ಕೆ ಅರ್ಧ ಪಿಪಿಎಂ ಇಳಿಯುತ್ತಿದ್ದರೆ ನಮ್ಮ ಪೂಲ್‌ಗೆ ಕೊರತೆ 30 ಗ್ರಾಂ. 10 ಗಂಟೆ ಓಡುವ 25 ಗ್ರಾಮಿನ ಸೆಲ್‌ನಲ್ಲಿ ಅದು ಶೇ. 12. ಗುಂಡಿಯನ್ನು 62ಕ್ಕೆ ತಿರುಗಿಸಿ, ಮತ್ತೆ ಮೂರು ದಿನ ಕೈ ಹಾಕಬೇಡಿ.